ಬೈಯೋದಕ್ಕೂ ಒಂದು ತಂಡ ಬೇಕಲ್ಲ!

ನಾಲ್ಕನೇ ಗೋಲು ಬಿದ್ದಾಗ ಪಕ್ಕದಲ್ಲಿದ್ದ ಗೆಳೆಯ ಬೈಯಲಿಲ್ಲ. ಮೊದಲ ಗೋಲಿಗೆ ಬೈದಿದ್ದ, ಎರಡನೆಯದಕ್ಕೆ ಎದ್ದು ನಿಂತು ಬೈದಿದ್ದ, ಮೂರನೆಯದಕ್ಕೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ನಾಲ್ಕನೆಯದಕ್ಕೆ ಕುತ್ತಿಗೆಯಲ್ಲಿದ್ದ ನೀಲಿ ಸ್ಕಾರ್ಫ್ ತೆಗೆದು, ನೀಟಾಗಿ ಮಡಚಿ ಬ್ಯಾಗಿಗೆ ಹಾಕಿ ಜಿಪ್ ಎಳೆದ. ‘ಬಾ ಮಗಾ, ಆಮೇಲೆ ಮೆಟ್ರೊ ರಶ್ ಆಗುತ್ತೆ’ ಅಂದ. ಪಂದ್ಯ ಇನ್ನೂ ಮುಗಿದಿರಲಿಲ್ಲ.

ಅದು 2023ರ ಡಿಸೆಂಬರ್ 8, ಶುಕ್ರವಾರ. ಜಾಗ ನಮ್ಮದೇ ಶ್ರೀ ಕಂಠೀರವ ಕ್ರೀಡಾಂಗಣ. ಬೆಂಗಳೂರು ಎಫ್‌ಸಿ 0, ಮುಂಬೈ ಸಿಟಿ 4.

ನಾನಾಗ ಬಿಇ ಮೊದಲ ಸೆಮಿಸ್ಟರ್. ಊರಿನಿಂದ ಬೆಂಗಳೂರಿಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಅಲ್ಲಿಯವರೆಗೆ ಟಿವಿಯಲ್ಲಷ್ಟೇ ನೋಡಿದ್ದ ತಂಡವನ್ನು ಕಣ್ಣಾರೆ ನೋಡಲು ಹಾಸ್ಟೆಲ್‌ನಲ್ಲಿ ಸುಳ್ಳು ಹೇಳಿ, ಮೆಸ್ ಊಟ ಬಿಟ್ಟು ಹೋಗಿದ್ದೆ. ಕ್ರಿಕೆಟ್ ಗೊತ್ತಿರುವವರಿಗೆ ಹೇಳುವುದಾದರೆ, ಸ್ವಂತ ಮೈದಾನದಲ್ಲಿ 0-4 ಅಂದರೆ ಅರವತ್ತು ರನ್ನಿಗೆ ಆಲೌಟ್ ಆದ ಹಾಗೆ. ಸೋತೆವು ಅನ್ನುವುದಕ್ಕಿಂತ, ಆಡಲೇ ಇಲ್ಲ ಅನ್ನುವ ಭಾವನೆ.

ಆ ರಾತ್ರಿಯ ಸಿಟ್ಟಿನ ಬಗ್ಗೆ ಬರೆಯಲು ನನಗೆ ಎರಡು ವರ್ಷ ಬೇಕಾಯಿತು. ಯಾಕೆಂದರೆ ಆ ಸಿಟ್ಟಿನಲ್ಲಿ ನಾನು ಮಾಡಿದ ಒಂದು ಕೆಲಸ ಈಗಲೂ ನೆನಪಾದರೆ ಮುಖ ಬಿಸಿಯಾಗುತ್ತದೆ.

ಗೆಲುವಿನ ಮುದ್ದು

ಬಿಎಫ್‌ಸಿ ಅಭಿಮಾನಿಗಳಿಗೆ ಸೋಲು ಯಾಕಿಷ್ಟು ಚುಚ್ಚುತ್ತದೆ ಎಂದು ಕ್ರಿಕೆಟ್ ಹುಚ್ಚಿನ ರೂಮ್‌ಮೇಟ್ ಕೇಳುತ್ತಿದ್ದ. ‘ನಾವು ಹದಿನಾರು ವರ್ಷದಿಂದ ಕಪ್ ಇಲ್ದೆ ಕಾಯ್ತಿಲ್ವಾ? ನಿಮಗೇನೋ ಕಷ್ಟ?’ ಅವನು ಆರ್‌ಸಿಬಿ ಕಡೆಯವನು. ಅವನ ಪ್ರಶ್ನೆಗೆ ಉತ್ತರ ಕ್ಲಬ್‌ನ ಇತಿಹಾಸದಲ್ಲಿದೆ. ಅವರು ಕಾಯುವುದನ್ನು ಕಲಿತೇ ಬೆಳೆದವರು. ನಮ್ಮನ್ನು ಗೆಲುವು ಮುದ್ದು ಮಾಡಿ ಕೆಡಿಸಿತ್ತು.

2013ರಲ್ಲಿ ಹುಟ್ಟಿದ ಕ್ಲಬ್ ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. ನಡುವೆ ಫೆಡರೇಷನ್ ಕಪ್. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ದೋಹಾದಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ವಿರುದ್ಧ 0-1ರಿಂದ ಸೋತರೂ ತಲೆ ಎತ್ತಿಕೊಂಡೇ ಬಂದಿತು. 2017ರಲ್ಲಿ ಐಎಸ್‌ಎಲ್‌ಗೆ ಬಂದು ಮೊದಲ ಋತುವಿನಲ್ಲೇ ಫೈನಲ್ ತಲುಪಿತು. 2018ರ ಮಾರ್ಚ್‌ನ ಆ ಫೈನಲ್ ಕಂಠೀರವದಲ್ಲೇ ನಡೆದು ಚೆನ್ನೈಯಿನ್ ಎಫ್‌ಸಿ 3-2ರಿಂದ ಗೆದ್ದಾಗ, ಹನ್ನೆರಡು ವರ್ಷದ ನಾನು ಊರಿನ ಮನೆಯಲ್ಲಿ ಟಿವಿ ಮುಂದೆ ಅತ್ತಿದ್ದೆ. ಅಮ್ಮ ‘ಅವರಿಗೆ ಸಂಬಳ ಬರುತ್ತೆ ಕಣೋ, ನೀನ್ಯಾಕೆ ಅಳ್ತೀಯ?’ ಎಂದಿದ್ದಳು. ಮರುವರ್ಷ ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಸಮಯದ ಕೊನೆಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಕಪ್ ತಂದುಕೊಟ್ಟಿತು. ಆ ರಾತ್ರಿ ಕುಣಿದದ್ದಕ್ಕೂ ಅಮ್ಮನಿಂದ ಬೈಸಿಕೊಂಡೆ.

ಹೀಗೆ ಬೆಳೆದ ಅಭಿಮಾನಿಗೆ ಇಳಿಜಾರು ಬೇಗ ಕಾಣುವುದಿಲ್ಲ. 2020-21ರಲ್ಲಿ ಏಳನೇ ಸ್ಥಾನ, ಮರುವರ್ಷ ಆರನೇ ಸ್ಥಾನ. ‘ಕೋವಿಡ್ ಕಾಲ, ಎಲ್ಲ ಪಂದ್ಯ ಗೋವಾದಲ್ಲೇ, ನಮ್ಮ ಜನ ಇಲ್ಲ’ ಎಂದು ಸಮಾಧಾನ ಮಾಡಿಕೊಂಡೆವು. 2022ರಲ್ಲಿ ಡುರಾಂಡ್ ಕಪ್ ಗೆದ್ದು, ಅದೇ ಋತುವಿನಲ್ಲಿ ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು ಐಎಸ್‌ಎಲ್ ಫೈನಲ್‌ಗೂ ಬಂದಾಗ ‘ನೋಡಿದ್ರಾ, ವಾಪಸ್ ಬಂದ್ವಿ’ ಎಂದು ಎದೆ ಉಬ್ಬಿಸಿದೆವು. ಆ ಫೈನಲ್ ಪೆನಾಲ್ಟಿಯಲ್ಲಿ ಕೈತಪ್ಪಿತು. ತಿಂಗಳ ನಂತರ ಸೂಪರ್ ಕಪ್ ಫೈನಲ್ ಕೂಡ ಒಡಿಶಾ ಪಾಲಾಯಿತು. ಆದರೂ ಒಂದೇ ವರ್ಷದಲ್ಲಿ ಮೂರು ಫೈನಲ್ ಆಡಿದ ತಂಡ ನಮ್ಮದು.

ಆಮೇಲಿನ ಬೇಸಿಗೆಯಲ್ಲಿ ತಂಡ ಚದುರಿತು. ಸಂದೇಶ್ ಜಿಂಗನ್ ಗೋವಾಕ್ಕೆ ಹೋದರು. 2014ರಿಂದ ನಮ್ಮ ಅಂಗಿಯಲ್ಲೇ ಆಡುತ್ತಿದ್ದ ಉದಾಂತ ಸಿಂಗ್ ಕೂಡ ಅಲ್ಲಿಗೇ ಹೋದರು. ರಾಯ್ ಕೃಷ್ಣ ಒಡಿಶಾಕ್ಕೆ ಹೋದರು. ಋತು ಶುರುವಾದಾಗ ಸುನಿಲ್ ಚೆಟ್ರಿ ಏಷ್ಯನ್ ಗೇಮ್ಸ್‌ಗಾಗಿ ಭಾರತ ತಂಡದ ಜೊತೆ ಚೀನಾದಲ್ಲಿದ್ದರು. ಐಎಸ್‌ಎಲ್‌ನಲ್ಲಿ ಒಮ್ಮೆಗೆ ನಾಲ್ವರು ವಿದೇಶಿ ಆಟಗಾರರಷ್ಟೇ ಮೈದಾನದಲ್ಲಿರಬಹುದು. ಹಾಗಾಗಿ ಭಾರತೀಯ ಆಟಗಾರರ ಬೆನ್ನೆಲುಬು ಮುರಿದರೆ, ಹೊರಗಿನಿಂದ ಎಷ್ಟು ದೊಡ್ಡ ಹೆಸರು ತಂದರೂ ತಂಡ ನಿಲ್ಲುವುದಿಲ್ಲ. ಈಗ ಇದೆಲ್ಲ ಲೆಕ್ಕ ಬಿಡಿಸಿ ಹೇಳಬಲ್ಲೆ. ಆ ಡಿಸೆಂಬರ್‌ನಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೇ: ಅದುವರೆಗೆ ಲೀಗ್‌ನಲ್ಲಿ ಬಂದದ್ದು ಒಂದೇ ಗೆಲುವು. ಇವತ್ತು ಎರಡನೆಯದು ಬರುತ್ತದೆ ಎಂದುಕೊಂಡೇ ಟಿಕೆಟ್ ಕೊಂಡಿದ್ದೆ.

ಟ್ರ್ಯಾಕ್ ದಾಟಿದ ಮಾತು

ಗೆಳೆಯ ಹೊರಟ. ನಾನು ಹೋಗಲಿಲ್ಲ. ನಿಷ್ಠೆಯಿಂದ ಉಳಿದೆ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಅದು ನಿಜವಲ್ಲ. ಬೈಯಲೆಂದೇ ಉಳಿದೆ.

ಪಂದ್ಯ ಮುಗಿದ ಮೇಲೆ ಆಟಗಾರರು ಸ್ಟ್ಯಾಂಡ್‌ಗಳ ಕಡೆ ಬಂದು ಪ್ರೇಕ್ಷಕರಿಗೆ ಕೈ ಎತ್ತಿ ಚಪ್ಪಾಳೆ ತಟ್ಟುವುದು ವಾಡಿಕೆ. ಗೆದ್ದ ದಿನ ವೆಸ್ಟ್ ಬ್ಲಾಕ್ ಬ್ಲೂಸ್‌ನವರ ಜೊತೆ ಇಡೀ ಸ್ಟ್ಯಾಂಡ್ ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟುವಾಗ ಮೈ ಜುಮ್ಮೆನ್ನುತ್ತದೆ. ಅವತ್ತು ತಟ್ಟಲು ಜನವೇ ಇರಲಿಲ್ಲ. ಇದ್ದವರಲ್ಲಿ ಅರ್ಧ ಜನ ನನ್ನ ಥರದವರು. ಕಂಠೀರವ ಅಸಲಿಗೆ ಅಥ್ಲೆಟಿಕ್ಸ್ ಮೈದಾನ. ಹುಲ್ಲಿಗೂ ನಮಗೂ ನಡುವೆ ಓಟದ ಟ್ರ್ಯಾಕ್ ಇದೆ. ಅದನ್ನು ದಾಟಿ ಮಾತು ಕೇಳಿಸಬೇಕೆಂದರೆ ಗಂಟಲು ಹರಿಯಬೇಕು.

ನಾನು ಹರಿದುಕೊಂಡೆ. ತಲೆ ತಗ್ಗಿಸಿ ಬರುತ್ತಿದ್ದ ಒಬ್ಬ ಆಟಗಾರನನ್ನು ಆರಿಸಿಕೊಂಡು ‘ಆಟ ಬಿಟ್ಟು ಬೇರೆ ಕೆಲಸ ನೋಡ್ಕೊಳೋ’ ಎಂದು ಕಿರುಚಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಅದರ ಮುಂದೆ ಅವನ ತಾಯಿಯ ಬಗ್ಗೆ ಒಂದು ಮಾತು ಸೇರಿಸಿದೆ. ಪತ್ರಿಕೆಯಲ್ಲಿ ಅದನ್ನು ಬರೆಯಲಾಗದು, ಮನೆಯಲ್ಲಿ ಹೇಳಲೂ ಆಗದು. ಅವನಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಬೈಗುಳಕ್ಕೆ ಅನುವಾದ ಬೇಕಾಗುವುದಿಲ್ಲ. ಒಂದು ಕ್ಷಣ ತಲೆ ಎತ್ತಿ ನಾವಿದ್ದ ಕಡೆ ನೋಡಿದ. ಹೆಚ್ಚೆಂದರೆ ನನಗಿಂತ ಮೂರು ನಾಲ್ಕು ವರ್ಷಕ್ಕೆ ದೊಡ್ಡವನು. ಮತ್ತೆ ತಲೆ ತಗ್ಗಿಸಿ, ಕೈ ಎತ್ತಿ ಚಪ್ಪಾಳೆ ತಟ್ಟುತ್ತಲೇ ಮುಂದೆ ಹೋದ.

ಹಿಂದಿನ ಸಾಲಿನಿಂದ ಯಾರೋ ಭುಜ ತಟ್ಟಿದರು. ತಿರುಗಿದರೆ ಅರವತ್ತು ದಾಟಿದ ಒಬ್ಬರು. ತಲೆಗೆ ಮಂಕಿ ಟೋಪಿ, ಕುತ್ತಿಗೆಯಲ್ಲಿ ನೀಲಿ ಸ್ಕಾರ್ಫ್.

‘ಮರೀ, ಟಿಕೆಟ್ ದುಡ್ಡಲ್ಲಿ ಬೈಯೋದು ಸೇರಿದೆ. ನಾನೂ ಬೈದೆ. ಆದ್ರೆ ಅಪ್ಪ ಅಮ್ಮ ಸೇರಿಲ್ಲ.’

ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನು ತಿರುಗಿ ಜಗಳ ಆಡುತ್ತಿದ್ದೆನೋ ಏನೋ.

ಆಸ್ಟಿನ್ ಟೌನ್ ಅಂಕಲ್

ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದ ತನಕ ಅವರ ಜೊತೆಯೇ ನಡೆದೆ. ಕ್ಷಮೆ ಕೇಳಬೇಕು ಅನಿಸಿತು. ಆದರೆ ಕೇಳಬೇಕಾದದ್ದು ಅವರನ್ನಲ್ಲವಲ್ಲ. ಅವರು ಆಸ್ಟಿನ್ ಟೌನ್‌ನವರು. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು. ಬೆಂಗಳೂರಿನ ಫುಟ್‌ಬಾಲ್ ಬಿಎಫ್‌ಸಿಯಿಂದ ಶುರುವಾಯಿತು ಎಂದುಕೊಂಡಿದ್ದ ನನಗೆ ಆ ಹತ್ತು ಹದಿನೈದು ನಿಮಿಷದ ನಡಿಗೆ ಒಂದು ಪಾಠವಾಯಿತು.

ಆಮೇಲೆ ಓದಿ ನೋಡಿದಾಗ ಅವರು ಹೇಳಿದ್ದು ದೊಡ್ಡ ಚರಿತ್ರೆಯ ತುದಿಯಷ್ಟೇ ಎಂದು ತಿಳಿಯಿತು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. ಬ್ರಿಟಿಷ್ ಸೇನಾ ತಂಡಗಳೇ ಕಪ್ ಹಂಚಿಕೊಳ್ಳುತ್ತಿದ್ದ ಕಾಲ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದ ಆಟಗಾರ. ಆ ಪಂದ್ಯವನ್ನು ಭಾರತ 1-2ರಿಂದ ಸೋತಿತು. ಸೋತ ಪಂದ್ಯದ ಗೋಲನ್ನೇ ಜನ ಇಂದಿಗೂ ನೆನೆಯುತ್ತಾರೆ. ಮೈಸೂರು ರಾಜ್ಯ 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿ ಮತ್ತೆ ಕರ್ನಾಟಕಕ್ಕೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ನಮ್ಮ ಹುಡುಗರು ಅದನ್ನು ತಂದರು. ಹಲಸೂರಿನ ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ನಂಬದಿದ್ದರೆ ಹೋಗಿ ನೋಡಿ.

ಅಂಕಲ್ ಹೇಳಿದ್ದರಲ್ಲಿ ಹೆಚ್ಚು ಕಾಡಿದ್ದು ಫ್ಯಾಕ್ಟರಿ ತಂಡಗಳ ಮಾತು. ಐಟಿಐ, ಎಚ್‌ಎಎಲ್ ತಂಡಗಳ ಪಂದ್ಯ ಅಂದರೆ ಡ್ಯೂಟಿ ಮುಗಿಸಿದವರು ಟಿಫನ್ ಡಬ್ಬಿ ಹಿಡಿದು ನೇರ ಮೈದಾನಕ್ಕೆ ಬರುತ್ತಿದ್ದರಂತೆ. ‘ಪಕ್ಕದ ಮಷಿನ್‌ನಲ್ಲಿ ಕೆಲಸ ಮಾಡೋನೇ ಗೋಲ್ ಮಿಸ್ ಮಾಡಿರ್ತಿದ್ದ. ಮಾರನೇ ದಿನ ಕ್ಯಾಂಟೀನಲ್ಲಿ ಅವನ ಮುಖ ನೋಡ್ಬೇಕಲ್ಲಪ್ಪ! ಅದಕ್ಕೇ ಬೈಗುಳದಲ್ಲೂ ಒಂದು ಅಳತೆ ಇತ್ತು’ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: ‘ಒಂದೊಂದೇ ತಂಡ ಮೂಲೆ ಸೇರ್ತು. ಎಷ್ಟು ಬೈದಿದೀನಿ ಗೊತ್ತಾ ನಾನು ಅವರನ್ನ? ಈಗ ಬೈಯೋಣ ಅಂದ್ರೂ ತಂಡ ಇಲ್ಲ.’

ಎಚ್‌ಎಎಲ್ ತಂಡ ಐ-ಲೀಗ್‌ನಲ್ಲಿ ಆಡಿ 2012ರಲ್ಲಿ ಕೆಳಗಿಳಿಯಿತು. ಮರುವರ್ಷ ಬಿಎಫ್‌ಸಿ ಹುಟ್ಟಿತು. ನಮಗೆ ಅದು ಆರಂಭ. ಅವರ ಪಾಲಿಗೆ ಮತ್ತೆ ಬೈಯಲು ಸಿಕ್ಕ ತಂಡ.

25ಕ್ಕೆ 6

ಮರುದಿನವೇ ಕೋಚ್ ಸೈಮನ್ ಗ್ರೇಸನ್ ಮತ್ತು ಕ್ಲಬ್ ಬೇರೆಯಾದ ಸುದ್ದಿ ಬಂತು. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಟಾಕಿ ಸ್ಟಿಕರ್‌ಗಳ ಮಳೆ. ಕೆಲ ದಿನಗಳಲ್ಲಿ ಸ್ಪೇನ್‌ನ ಜೆರಾರ್ಡ್ ಜರಾಗೋಜಾ ಬಂದರು. ಈ ಹಿಂದೆ ಇದೇ ಕ್ಲಬ್‌ನಲ್ಲಿ ಸಹಾಯಕ ಕೋಚ್ ಆಗಿದ್ದವರು. ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡೆವು.

ಸರಿಹೋಗಲಿಲ್ಲ. 2024ರ ಏಪ್ರಿಲ್ 11ರಂದು ಅದೇ ಕಂಠೀರವದಲ್ಲಿ ಮೋಹನ್ ಬಾಗಾನ್ ಎದುರು ಮತ್ತೆ 0-4. ಹನ್ನೆರಡು ತಂಡಗಳಲ್ಲಿ ಹತ್ತನೆಯವರಾಗಿ ಋತು ಮುಗಿಸಿದೆವು. 22 ಪಂದ್ಯಗಳಲ್ಲಿ ಐದು ಗೆಲುವು. ಯುರೋಪಿನ ಲೀಗ್‌ಗಳಲ್ಲಾಗಿದ್ದರೆ ಇಂಥ ತಂಡ ಕೆಳಗಿನ ದರ್ಜೆಗೆ ಬೀಳುವ ಭಯದಲ್ಲಿ ಆಡಬೇಕಿತ್ತು. ಇಲ್ಲಿ ಆ ಭಯವೂ ಇರಲಿಲ್ಲ. ಅದೇ ನಮ್ಮ ಸಿಟ್ಟಿಗೆ ಇನ್ನೊಂದು ಕಾರಣ: ಸೋತರೂ ಏನೂ ಆಗುವುದಿಲ್ಲ ಅಂದಮೇಲೆ ನಮ್ಮ ಕೂಗಿಗೆ ಬೆಲೆ ಏನು?

ಇದರ ನಡುವೆ ನನ್ನದೇ ಒಂದು ಪಂದ್ಯ ನಡೆದಿತ್ತು. ಆ ಡಿಸೆಂಬರ್‌ನಲ್ಲೇ ಗಣಿತದ ಇಂಟರ್ನಲ್ಸ್ ಉತ್ತರಪತ್ರಿಕೆ ಕೊಟ್ಟರು. ಹೆಸರು ಕರೆದು, ಅಂಕ ಓದಿ ಕೊಡುವ ಪದ್ಧತಿ. ನನ್ನ ಹೆಸರಿನ ಮುಂದೆ ಬಂದದ್ದು 25ಕ್ಕೆ 6. ಎದ್ದು ಹೋಗಿ ಪೇಪರ್ ತೆಗೆದುಕೊಂಡು ಬರುವಾಗ ಹಿಂದಿನ ಬೆಂಚಿನಿಂದ ‘ಅಲ್ಲೂ ಸೋಲು, ಇಲ್ಲೂ ಸೋಲು’ ಎಂಬ ಮಾತು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ, ನಗದೆ ಬೇರೆ ದಾರಿ ಇರಲಿಲ್ಲ.

ನಾನು ಓದಿರಲಿಲ್ಲ ಎಂದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಓದಿದ್ದೆ. ಪಿಯುಸಿಯಲ್ಲಿ ಬರುತ್ತಿದ್ದ ಗಣಿತ ಇಲ್ಲಿ ಯಾಕೆ ಬರುತ್ತಿಲ್ಲ ಎಂದು ರಾತ್ರಿ ಕೂತು ಹೆಣಗಿದ್ದೆ. ಡೆಸ್ಕಿಗೆ ವಾಪಸ್ ಬರುವ ಆ ಹತ್ತು ಹೆಜ್ಜೆಯಲ್ಲಿ, ತಲೆ ತಗ್ಗಿಸಿ ಟ್ರ್ಯಾಕ್ ಪಕ್ಕ ನಡೆದ ಆ ಹುಡುಗನ ಮುಖ ನೆನಪಾಯಿತು. ಅವನು ಅವತ್ತು ಸೋಲಬೇಕೆಂದು ಬೂಟು ಕಟ್ಟಿರಲಿಲ್ಲ. ನನ್ನ 6 ಅಂಕಕ್ಕೆ ಯಾರೂ ನಮ್ಮಮ್ಮನನ್ನು ಎಳೆದು ತರಲಿಲ್ಲ. ತಂದಿದ್ದರೆ?

ಹಾಗೆಂದು ಅಭಿಮಾನಿ ಸಿಟ್ಟಾಗಬಾರದು ಎಂದು ನಾನು ಹೇಳುತ್ತಿಲ್ಲ. ‘ಗೆದ್ದರೂ ಸೋತರೂ ನಗುನಗುತ್ತಾ ಬೆಂಬಲಿಸಿ’ ಎಂಬ ಉಪದೇಶ ನನಗೆ ಹಿಡಿಸುವುದಿಲ್ಲ. ಟಿಕೆಟ್ ಕೊಂಡು, ಎರಡು ಬಸ್ಸು ಒಂದು ಮೆಟ್ರೊ ಹತ್ತಿ ಬರುವವನಿಗೆ ಕೇಳುವ ಹಕ್ಕಿದೆ. ಇಷ್ಟು ವರ್ಷ ಜೊತೆಗಿದ್ದ ಆಟಗಾರರು ಹೋದಾಗ ಆ ಜಾಗ ತುಂಬುವ ಯೋಜನೆ ಏನಿತ್ತು? ಎರಡನೇ ಗೋಲು ಬಿದ್ದ ಮೇಲೆ ಆಟದ ರೀತಿ ಯಾಕೆ ಬದಲಾಗಲಿಲ್ಲ? ಇಂಥ ಪ್ರಶ್ನೆ ಕೇಳುವುದೂ ಪ್ರೀತಿಯೇ. ಆದರೆ ನಾನು ಕಿರುಚಿದ್ದರಲ್ಲಿ ಪ್ರಶ್ನೆಯೇ ಇರಲಿಲ್ಲ. ನನ್ನ ಹೊಟ್ಟೆಯ ಬೆಂಕಿಯನ್ನು ಕೈಗೆ ಸಿಕ್ಕ ಒಬ್ಬನ ತಲೆಯ ಮೇಲೆ ಸುರಿದಿದ್ದೆ. ಆಟಗಾರರನ್ನು ಕೊಂಡದ್ದು, ಬಿಟ್ಟದ್ದು ಅವನಲ್ಲ. ಅವನು ಸುಲಭಕ್ಕೆ ಸಿಕ್ಕವನು ಅಷ್ಟೇ.

ಸಿಗ್ನಲ್ ಇಲ್ಲದ ಸಿಸ್ಟಮ್

ನಾಲ್ಕನೇ ಸೆಮಿಸ್ಟರ್‌ನಲ್ಲಿ ನಮಗೆ ಕಂಟ್ರೋಲ್ ಸಿಸ್ಟಮ್ಸ್ ಎಂಬ ವಿಷಯ ಬಂತು. ಅದರ ಜೀವಾಳ ಫೀಡ್‌ಬ್ಯಾಕ್. ಒಂದು ಯಂತ್ರ ಏನು ಮಾಡಬೇಕಿತ್ತು, ಏನು ಮಾಡಿತು ಎಂಬ ವ್ಯತ್ಯಾಸವನ್ನು ಅಳೆದು ಅದಕ್ಕೇ ವಾಪಸ್ ತಿಳಿಸಬೇಕು. ತಿಳಿಸದಿದ್ದರೆ ಯಂತ್ರ ತಪ್ಪು ದಾರಿಯಲ್ಲೇ ಹೋಗುತ್ತದೆ. ಆ ಸಂದೇಶವನ್ನು ಅತಿಯಾಗಿ ಹಿಗ್ಗಿಸಿ ಕೊಟ್ಟರೆ ಸರಿಹೋಗುವ ಬದಲು ಆ ಕಡೆಗೂ ಈ ಕಡೆಗೂ ಓಲಾಡಿ ಕೊನೆಗೆ ಹತೋಟಿ ತಪ್ಪುತ್ತದೆ. ಪಾಠ ಕೇಳುತ್ತಾ ಕೂತಿದ್ದ ನನಗೆ ಕಂಡದ್ದು ಕಂಠೀರವದ ಸ್ಟ್ಯಾಂಡ್.

ಒಂದು ಸೋಲಿಗೆ ಕೋಚ್ ಬೇಡ, ಎರಡನೇ ಸೋಲಿಗೆ ಕ್ಯಾಪ್ಟನ್ ಬೇಡ, ಒಂದು ಗೆಲುವಿಗೆ ಎಲ್ಲರೂ ದೇವರು. ಇದು ಅತಿಯಾಗಿ ಹಿಗ್ಗಿಸಿದ ಸಿಗ್ನಲ್. ಅದಕ್ಕೆ ಕಿವಿಗೊಟ್ಟ ಯಾವ ಕ್ಲಬ್ಬೂ ನೆಟ್ಟಗೆ ನಿಲ್ಲಲಾರದು. ಆದರೆ ಅದಕ್ಕಿಂತ ಅಪಾಯಕಾರಿಯಾದದ್ದು ಇನ್ನೊಂದಿದೆ. ಸಿಗ್ನಲ್ಲೇ ಬಾರದಿರುವುದು.

ಅದನ್ನು ನನಗೆ ತೋರಿಸಿದವನು ಸ್ಕಾರ್ಫ್ ಮಡಚಿದ ಆ ಗೆಳೆಯ. ನಮ್ಮ ನಾಲ್ವರ ಗುಂಪಿನಲ್ಲಿ ಅವನೇ ದೊಡ್ಡ ಅಭಿಮಾನಿ. ನನಗೆ ಆಫ್‌ಸೈಡ್ ನಿಯಮ ಸರಿಯಾಗಿ ಬಿಡಿಸಿ ಹೇಳಿಕೊಟ್ಟವನೂ ಅವನೇ. ಆ ರಾತ್ರಿಯ ನಂತರ ಅವನು ಬೈಯುವುದನ್ನು ನಿಲ್ಲಿಸಿದ. ಮೊದಮೊದಲು ಪ್ರಬುದ್ಧನಾಗಿದ್ದಾನೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅವನು ಸ್ಕೋರ್ ನೋಡುವುದನ್ನೇ ನಿಲ್ಲಿಸಿದ್ದ. ಏಪ್ರಿಲ್‌ನ ಎರಡನೇ 0-4 ಸೋಲನ್ನು ನಾನೇ ಅವನಿಗೆ ಹೇಳಬೇಕಾಯಿತು. ‘ಹೌದಾ?’ ಎಂದ, ಅಷ್ಟೇ. ಆ ‘ಹೌದಾ’ ನನಗೆ ನಾಲ್ಕು ಗೋಲಿಗಿಂತ ದೊಡ್ಡ ಪೆಟ್ಟು.

ಕೂಗಾಡುವ ಅಭಿಮಾನಿಯನ್ನು ಕ್ಲಬ್ ಕಳೆದುಕೊಂಡಿಲ್ಲ. ಖಾಲಿ ಕುರ್ಚಿ ಸದ್ದು ಮಾಡುವುದಿಲ್ಲ, ಅದಕ್ಕೇ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

5-0

2024-25ರಲ್ಲಿ ತಂಡ ಬದಲಾಯಿತು. ಕೋಚ್ ಅದೇ ಜರಾಗೋಜಾ. ಹೋದ ಋತುವಿನಲ್ಲಿ ನಾವು ‘ಇವರೂ ಬೇಡ’ ಎಂದು ಕೂಗಿದ್ದವರೇ. ಆಡುತ್ತಿದ್ದವರಲ್ಲಿ ಹಲವರು ಹಳಬರೇ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದ್ದ ಚೆಟ್ರಿ, ನಲವತ್ತರ ವಯಸ್ಸಿನಲ್ಲಿ ಆ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದರು. 2025ರ ಮಾರ್ಚ್‌ನಲ್ಲಿ ಭಾರತ ತಂಡ ಅವರನ್ನು ಮತ್ತೆ ಕರೆಸಿಕೊಂಡಿತು.

ಅದೇ ಮಾರ್ಚ್ 29, ಶನಿವಾರ. ನಾಕೌಟ್ ಪಂದ್ಯ. ಜಾಗ ಕಂಠೀರವ, ಎದುರಾಳಿ ಮುಂಬೈ ಸಿಟಿ. ನಾನು ಒಬ್ಬನೇ ಹೋಗಿದ್ದೆ. ಒಂಬತ್ತನೇ ನಿಮಿಷಕ್ಕೆ ಸುರೇಶ್ ಸಿಂಗ್ ಗೋಲು ಹೊಡೆದಾಗ ಕುಣಿಯಲೂ ಹೆದರಿಕೆ. ಆಮೇಲೆ ಎಡ್ಗರ್ ಮೆಂಡೆಜ್, ರಯಾನ್ ವಿಲಿಯಮ್ಸ್, ಚೆಟ್ರಿ, ಪೆರೇರಾ ಡಿಯಾಜ್. ಒಂದಾದ ಮೇಲೊಂದು. 5-0! ಹದಿನಾರು ತಿಂಗಳ ಹಿಂದೆ ಇದೇ ತಂಡದೆದುರು ನಾಲ್ಕು ತಿಂದು ಕೂತಿದ್ದ ಮೈದಾನದಲ್ಲೇ ಈಗ ಪಕ್ಕದಲ್ಲಿದ್ದ ಅಪರಿಚಿತನನ್ನು ತಬ್ಬಿಕೊಂಡಿದ್ದೆ. ಕಣ್ಣು ಮಾತ್ರ ಆಸ್ಟಿನ್ ಟೌನ್ ಅಂಕಲ್‌ಗಾಗಿ ಹುಡುಕುತ್ತಿತ್ತು. ಅವರು ಕಾಣಲಿಲ್ಲ.

ಗೆಳೆಯನಿಗೆ ವಿಡಿಯೊ ಕಾಲ್ ಮಾಡಿದೆ. ಸ್ಟ್ಯಾಂಡ್ ತೋರಿಸಿದೆ, ಸದ್ದು ಕೇಳಿಸಿದೆ. ‘ಸೂಪರ್ ಮಗಾ’ ಎಂದ. ‘ನಾಳೆ ಮಾತಾಡೋಣ, ನಿದ್ದೆ ಬರ್ತಿದೆ.’ ಆಗ ಅರ್ಥವಾಯಿತು. ಆ 0-4 ರಾತ್ರಿ ನೋಡದೆ ಇದ್ದಿದ್ದರೆ ಈ 5-0 ನನಗೂ ಬರೀ ಒಂದು ಸ್ಕೋರ್ ಆಗಿರುತ್ತಿತ್ತು. ನಡುವಿನ ಹದಿನಾರು ತಿಂಗಳು ಬೈದುಕೊಂಡಾದರೂ ಜೊತೆಗಿದ್ದವರಿಗಷ್ಟೇ ಅದರ ರುಚಿ ಪೂರ್ತಿ ಸಿಕ್ಕಿತು.

ಸೆಮಿಫೈನಲ್‌ನಲ್ಲಿ ಗೋವಾವನ್ನು ದಾಟಿ, ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತೆವು. ಮತ್ತೆ ಸಿಟ್ಟು ಬಂತು, ಮತ್ತೆ ಬೈದೆ. ಮುನ್ನಡೆ ಪಡೆದ ಮೇಲೆ ಅದನ್ನು ಉಳಿಸಿಕೊಳ್ಳಲಾಗದ್ದಕ್ಕೆ ಬೈದೆ. ಯಾರ ಅಮ್ಮನನ್ನೂ ಎಳೆದು ತರಲಿಲ್ಲ.

ಡಿಸೆಂಬರ್ 8, ಮತ್ತೊಮ್ಮೆ

ಆಮೇಲೆ ಬಂದದ್ದು ಯಾವ ಅಭಿಮಾನಿಯೂ ಊಹಿಸದ ಸೋಲು. 2025ರ ಜುಲೈನಲ್ಲಿ ಐಎಸ್‌ಎಲ್‌ನ ಹೊಸ ಋತುವನ್ನೇ ತಡೆಹಿಡಿದರು. ಲೀಗ್ ನಡೆಸುವ ಸಂಸ್ಥೆಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ ನಡುವಿನ 15 ವರ್ಷದ ಒಪ್ಪಂದ ಮುಗಿಯುವುದರಲ್ಲಿತ್ತು, ಮುಂದೇನು ಎಂಬುದು ತೀರ್ಮಾನವಾಗಿರಲಿಲ್ಲ. ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸಿತು. ‘ಅವರಿಗೆ ಸಂಬಳ ಬರುತ್ತೆ ಕಣೋ’ ಎಂದಿದ್ದ ಅಮ್ಮನ ಮಾತು ನೆನಪಾಯಿತು. ನಾನು ‘ಬೇರೆ ಕೆಲಸ ನೋಡ್ಕೊಳೋ’ ಎಂದು ಕಿರುಚಿದ್ದೂ ನೆನಪಾಯಿತು. ಕ್ಯಾಂಪಸ್‌ಗೆ ಎಷ್ಟು ಕಂಪನಿ ಬರುತ್ತವೋ ಎಂದು ಈಗಲೇ ಲೆಕ್ಕ ಹಾಕುತ್ತಿರುವ ನನಗೆ ಆ ಮಾತಿನ ತೂಕ ಈಗ ಚೆನ್ನಾಗಿ ಗೊತ್ತು.

ಆ ಒಪ್ಪಂದ ಮುಗಿದ ದಿನ ಯಾವುದು ಗೊತ್ತೇ? 2025ರ ಡಿಸೆಂಬರ್ 8. ಆ 0-4 ರಾತ್ರಿಗೆ ಸರಿಯಾಗಿ ಎರಡು ವರ್ಷ. ಅವತ್ತು ಸಂಜೆ ಪ್ರಾಜೆಕ್ಟ್ ಕೆಲಸಕ್ಕೆಂದು ಎಸ್.ಪಿ. ರಸ್ತೆಗೆ ಹೋಗಿದ್ದವನು ಕಾರಣವಿಲ್ಲದೆ ಕಂಠೀರವದ ಗೇಟಿನ ತನಕ ನಡೆದುಕೊಂಡು ಹೋದೆ. ಪಂದ್ಯವಿಲ್ಲ, ನೀಲಿ ಬಾವುಟವಿಲ್ಲ, ಮುಖಕ್ಕೆ ಬಣ್ಣ ಬಳಿಯುವ ಹುಡುಗರಿಲ್ಲ. ‘ಈಗ ಬೈಯೋಣ ಅಂದ್ರೂ ತಂಡ ಇಲ್ಲ’ ಎಂದ ಅಂಕಲ್ ಮಾತಿನ ಅರ್ಥ ಅವತ್ತು ಪೂರ್ತಿ ಆಯಿತು. ನಿಜ ಹೇಳಲಾ? ಅವತ್ತು ಒಳಗೆ ಪಂದ್ಯ ನಡೆಯುತ್ತಿದ್ದು, ನಾವು 0-4ರಲ್ಲಿ ಸೋಲುತ್ತಿದ್ದರೂ ಟಿಕೆಟ್ ಕೊಂಡು ಒಳಗೆ ಹೋಗಿರುತ್ತಿದ್ದೆ.

ಈ ಜನವರಿಯಲ್ಲಿ ಕೊನೆಗೂ ಸುದ್ದಿ ಬಂತು. ಫೆಬ್ರುವರಿ 14ರಿಂದ ಲೀಗ್ ಶುರು, 14 ಕ್ಲಬ್‌ಗಳೂ ಆಡುತ್ತವೆ ಎಂದು ಕೇಂದ್ರ ಕ್ರೀಡಾ ಸಚಿವರು ಪ್ರಕಟಿಸಿದರು. ತಂಡ ಹೇಗಿದೆಯೋ, ಅಭ್ಯಾಸ ಎಷ್ಟಾಗಿದೆಯೋ ನೋಡಬೇಕು. ಮೊದಲ ಪಂದ್ಯವೇ ಸೋತರೂ ಸೋಲಬಹುದು. ನಾನು ಹೋಗುತ್ತೇನೆ. ಚೆನ್ನಾಗಿ ಆಡದಿದ್ದರೆ ಬೈಯುತ್ತೇನೆ. ಪಂದ್ಯ ಮುಗಿದ ಮೇಲೆ, ಎಷ್ಟೇ ಗೋಲಿನಿಂದ ಸೋತಿದ್ದರೂ, ಆಟಗಾರರು ಸ್ಟ್ಯಾಂಡ್ ಕಡೆ ಬರುವ ತನಕ ನಿಂತು ಒಂದು ಸಲ ಚಪ್ಪಾಳೆ ತಟ್ಟಬೇಕು ಎಂದುಕೊಂಡಿದ್ದೇನೆ. ಆ ಹುಡುಗನ ಹತ್ತಿರ ಕ್ಷಮೆ ಕೇಳಲು ನನಗಿರುವ ದಾರಿ ಅದೊಂದೇ.

ಗೆಳೆಯನಿಗೆ ಮೆಸೇಜ್ ಹಾಕಿದೆ: ‘ಬರ್ತೀಯಾ? ಸೋಲೋ ಚಾನ್ಸ್ ಜಾಸ್ತಿ.’

ಎರಡು ದಿನ ಉತ್ತರವಿಲ್ಲ. ಮೂರನೇ ದಿನ ರಾತ್ರಿ ಬಂತು.

‘ಸ್ಕಾರ್ಫ್ ಯಾವ ಬ್ಯಾಗಲ್ಲಿದೆಯೋ ಹುಡುಕಬೇಕು ಮಗಾ.’